ಎತ್ತರದ ಬೆಟ್ಟ ಬಿಟ್ಟು ಕತ್ತಲೆ ಕಾಡಿಗೆ ಇಳಿದ ವೈನು ಬಾಪ್ಪು: ಕೋಡಿಂಬಾಳದ ಸಾಲಿನಲ್ಲೇ ಉಂಟು ಕಾವಲೂರು!

ಕೋಡಿಂಬಾಳ: ಭೂಪಟ ತೆಗೆದು ಕೋಡಿಂಬಾಳದ ಮೇಲೆ ಸ್ಕೇಲ್ ಇಡಿ. ಅಲ್ಲಿಂದ ನೇರ ಪೂರ್ವಕ್ಕೆ ಒಂದು ಗೆರೆ ಎಳೆಯಿರಿ. ಗೆರೆ ಘಟ್ಟ ಹತ್ತುತ್ತದೆ, ಅರಕಲಗೂಡು, ಕೆ.ಆರ್. ಪೇಟೆ, ರಾಮನಗರದ ಆಸುಪಾಸಿನಲ್ಲಿ ಹಾದು ಹೊಸೂರಿನ ಹತ್ತಿರ ತಮಿಳುನಾಡಿಗೆ ಹೋಗುತ್ತದೆ. ಇನ್ನೂ ಸ್ವಲ್ಪ ಮುಂದೆ ವಾಣಿಯಂಬಾಡಿ. ಅದರ ದಕ್ಷಿಣಕ್ಕೆ ಜವ್ವಾದು ಬೆಟ್ಟದ ಕಾಡು. ಆ ಕಾಡಿನೊಳಗೆ ಕಾವಲೂರು ಎಂಬ ಸಣ್ಣ ಊರು ಉಂಟು. ಒಂದು ಕಾಲದಲ್ಲಿ ಏಷ್ಯಾದಲ್ಲೇ ಹೆಸರು ಮಾಡಿದ ಟೆಲಿಸ್ಕೋಪ್ ಇರುವುದು ಅಲ್ಲಿ.

ಕಾವಲೂರಿನ ಅಕ್ಷಾಂಶ 12 ಡಿಗ್ರಿ 34 ಮಿನಿಟು. ಕೋಡಿಂಬಾಳದ್ದು ಅದಕ್ಕಿಂತ ಸ್ವಲ್ಪವೇ ಮೇಲೆ, ಹನ್ನೆರಡೂ ಮುಕ್ಕಾಲರ ಒಳಗೆ. ಅಂದ್ರೆ ಅಲ್ಲಿಯ ವಿಜ್ಞಾನಿಗಳ ತಲೆ ಮೇಲೆ ಯಾವ ನಕ್ಷತ್ರ ಹೋಗುತ್ತದೋ ಇಲ್ಲಿಯ ಅಡಿಕೆ ತೋಟದ ಮೇಲೂ ಅದೇ ನಕ್ಷತ್ರ ಹೋಗುತ್ತದೆ. ಸುಮಾರು ಹದಿಮೂರು ನಿಮಿಷ ತಡ, ಅಷ್ಟೇ ವ್ಯತ್ಯಾಸ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಪೂರ್ವದ ಊರಿಗೆ ಮೊದಲ ದರ್ಶನ.

ಹಾಗಾದ್ರೆ ಟೆಲಿಸ್ಕೋಪ್ ಅಲ್ಲಿಗೇ ಯಾಕೆ ಹೋಯಿತು? ಕುಮಾರ ಪರ್ವತ ಇಲ್ಲೇ ಪಕ್ಕದಲ್ಲಿ 1712 ಮೀಟರ್ ಎತ್ತರ ನಿಂತಿದೆ. ಕಾವಲೂರು ಬರೀ 725 ಮೀಟರ್. ನಕ್ಷತ್ರ ನೋಡಬೇಕಾದ್ರೆ ಎತ್ತರಕ್ಕೆ ಹೋಗಬೇಕು ಎಂದೇ ಹೆಚ್ಚಿನವರ ಲೆಕ್ಕ. ಆ ಲೆಕ್ಕವನ್ನು ತಲೆಕೆಳಗು ಮಾಡಿದವರು ವೈನು ಬಾಪ್ಪು. ಎರಡು ಸಾವಿರದ ಮುನ್ನೂರು ಮೀಟರಿಗಿಂತ ಎತ್ತರದ ಕೊಡೈಕೆನಾಲ್ ಬೆಟ್ಟದಲ್ಲಿ ಡೈರೆಕ್ಟರ್ ಆಗಿದ್ದವರು, ಒಳ್ಳೆಯ ರಾತ್ರಿ ಹುಡುಕಿಕೊಂಡು ಅದರ ಮೂರನೇ ಒಂದು ಪಾಲಿನಷ್ಟು ಎತ್ತರದ ಕಾಡಿಗೆ ಇಳಿದು ಬಂದರು.

ತಲಶ್ಶೇರಿಯ ಮನೆತನ, ಹೈದರಾಬಾದಿನ ಬಾಲ್ಯ

ಪೂರ್ತಿ ಹೆಸರು ಮನಾಲಿ ಕಲ್ಲಾಟ್ ವೈನು ಬಾಪ್ಪು. ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ಮನೆತನದ ಮೂಲ ತಲಶ್ಶೇರಿ. ಮಂಗಳೂರಿಂದ ರೈಲು ಹತ್ತಿದರೆ ಕಾಸರಗೋಡು, ಕಣ್ಣೂರು ದಾಟಿದ ಕೂಡಲೇ ಸಿಗುವ ಊರು ಅದು. ಈ ಕಡೆಯವರಿಗೆ ದೂರದ್ದೇನಲ್ಲ.

ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ಒಬ್ಬನೇ ಮಗ. ಹಾಗಾಗಿ ಹುಡುಗ ಬೆಳೆದದ್ದು ಟೆಲಿಸ್ಕೋಪಿನ ನೆರಳಿನಲ್ಲಿ. ಬೇರೆ ಮಕ್ಕಳು ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಕೂತು ವ್ಯಾಪಾರ ಕಲಿಯುವ ಹಾಗೆ ಈ ಹುಡುಗ ಆಕಾಶ ಕಲಿತ. ಕಾಲೇಜು ಓದುವಾಗಲೇ ನಕ್ಷತ್ರಗಳ ಬಗ್ಗೆ ಪ್ರಬಂಧ ಪ್ರಕಟಿಸುವಷ್ಟು ಮುಂದೆ ಹೋಗಿದ್ದರು.

ಆ ನಿಜಾಮಿಯಾದ ಕಥೆಯೂ ಒಂದು ಪಾಠವೇ. ಬೇಗಂಪೇಟೆ ಆ ಕಾಲದಲ್ಲಿ ಊರ ಹೊರಗೆ. ಆಮೇಲೆ ಹೈದರಾಬಾದ್ ಬೆಳೆಯಿತು, ದೀಪ ಬಂತು, ಹೊಗೆ ಬಂತು. ಕಡೆಗೆ 1968ರ ಹೊತ್ತಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯದವರು ತಮ್ಮ 48 ಇಂಚಿನ ಟೆಲಿಸ್ಕೋಪನ್ನು ಜಪಾಲ್-ರಂಗಾಪುರ ಎಂಬ ಹಳ್ಳಿಯ ಹತ್ತಿರ ಇಡಬೇಕಾಯಿತು. ಪೇಟೆ ಬೆಳೆದ ಹಾಗೆಲ್ಲ ನಕ್ಷತ್ರ ನೋಡುವವರು ಗಂಟು ಮೂಟೆ ಕಟ್ಟುತ್ತಾ ಹೋಗುವುದು ಎಲ್ಲ ಕಡೆಯ ಕಥೆ. ಬಾಪ್ಪು ಅವರ ಜೀವನವೂ ಹೆಚ್ಚುಕಡಿಮೆ ಇಂಥ ಗಂಟುಮೂಟೆಯದ್ದೇ.

ಅಮೆರಿಕದಲ್ಲಿ ಸಿಕ್ಕಿದ ಧೂಮಕೇತು

ಹೈದರಾಬಾದ್ ಸರಕಾರದ ಸ್ಕಾಲರ್‌ಶಿಪ್ ಪಡೆದು 1949ರಲ್ಲಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಹೋಗಿ ತಿಂಗಳುಗಳೂ ಸರಿಯಾಗಿ ಕಳೆದಿರಲಿಲ್ಲ, ಜುಲೈ 2ರ ರಾತ್ರಿ ತೆಗೆದ ಒಂದು ಫೋಟೋ ಪ್ಲೇಟಿನಲ್ಲಿ ಯಾವುದೋ ಗುರುತಿಲ್ಲದ ವಸ್ತು ಕಂಡಿತು. ಹೊಸ ಧೂಮಕೇತು! ಅಧ್ಯಾಪಕ ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಜೊತೆ ಸೇರಿ ಅದನ್ನು ಖಚಿತಪಡಿಸಿದರು. ಅದಕ್ಕೆ ಬಾಪ್ಪು-ಬಾಕ್-ನ್ಯೂಕರ್ಕ್ ಎಂದೇ ಹೆಸರು. ಪೆಸಿಫಿಕ್ ಖಗೋಳ ಸಂಘ ಅವರಿಗೆ ಡೊನೊಹೋ ಧೂಮಕೇತು ಪದಕ ಕೊಟ್ಟಿತು. ಪ್ರಾಯ ಇಪ್ಪತ್ತೆರಡೂ ತುಂಬಿರಲಿಲ್ಲ.

1952ರಲ್ಲಿ ಪಿಎಚ್‌ಡಿ ಮುಗಿಯಿತು. ಆಮೇಲೆ ಕಾರ್ನೆಗಿ ಫೆಲೋಶಿಪ್ ಸಿಕ್ಕಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್, ಪಾಲೋಮಾರ್ ವೀಕ್ಷಣಾಲಯಗಳಿಗೆ ಹೋದರು. ಅಲ್ಲಿ ಓಲಿನ್ ವಿಲ್ಸನ್ ಜೊತೆ ಮಾಡಿದ ಕೆಲಸ 1957ರಲ್ಲಿ ಪ್ರಕಟವಾಯಿತು. ಸಣ್ಣದಾಗಿ ಹೇಳುವುದಾದ್ರೆ ವಿಷಯ ಇದು: ಕೆಲವು ಬಗೆಯ ತಂಪು ನಕ್ಷತ್ರಗಳ ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿದರೆ ಅದರಲ್ಲಿ ಕ್ಯಾಲ್ಸಿಯಂ ಧಾತುವಿನ ಒಂದು ಗೆರೆ ಸಿಗುತ್ತದೆ. ಆ ಗೆರೆಯ ನಡುವೆ ಹೊಳೆಯುವ ಭಾಗ ಎಷ್ಟು ಅಗಲವೋ ನಕ್ಷತ್ರ ನಿಜದಲ್ಲಿ ಅಷ್ಟು ಪ್ರಕಾಶ. ನಿಜದ ಪ್ರಕಾಶ ಗೊತ್ತಾದರೆ, ಕಣ್ಣಿಗೆ ಕಾಣುವ ಪ್ರಕಾಶದ ಜೊತೆ ತೂಗಿ ನೋಡಿ ದೂರ ಎಷ್ಟು ಅಂತ ಲೆಕ್ಕ ಹಾಕಬಹುದು. ಲೋಕದ ಖಗೋಳ ಪುಸ್ತಕಗಳಲ್ಲಿ ಇವತ್ತಿಗೂ ವಿಲ್ಸನ್-ಬಾಪ್ಪು ಪರಿಣಾಮ ಎಂಬ ಹೆಸರು ಇರುವುದು ಇದಕ್ಕೇ.

ಮೌಂಟ್ ವಿಲ್ಸನ್ ಎತ್ತರ 1742 ಮೀಟರ್. ಕುಮಾರ ಪರ್ವತಕ್ಕಿಂತ ಬರೀ ಮೂವತ್ತು ಮೀಟರ್ ಹೆಚ್ಚು. ಒಂದು ಕಾಲದಲ್ಲಿ ಲೋಕದ ಅತಿ ದೊಡ್ಡ ಟೆಲಿಸ್ಕೋಪ್ ಅಲ್ಲಿತ್ತು. ಆದ್ರೆ ಕೆಳಗೆ ಲಾಸ್ ಏಂಜಲೀಸ್ ನಗರ ಬೆಳೆದು ಅದರ ಬೆಳಕು ಬೆಟ್ಟದ ಮೇಲಿನ ಆಕಾಶವನ್ನೇ ಬೆಳ್ಳಗೆ ಮಾಡಿತು. ಅದಕ್ಕಿಂತ ದೊಡ್ಡ 200 ಇಂಚಿನ ಟೆಲಿಸ್ಕೋಪ್ ಕಟ್ಟುವಾಗ ನಗರದಿಂದ ದೂರದ ಪಾಲೋಮಾರ್ ಬೆಟ್ಟವನ್ನು ಆರಿಸಿದ್ದರು. ಬಾಪ್ಪು ಆ ಎರಡೂ ಕಡೆಯ ಸಂಶೋಧನೆ ನಡೆಯುತ್ತಿದ್ದ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಎತ್ತರ ಇದ್ದರೆ ಸಾಕಾಗುವುದಿಲ್ಲ, ಬುಡದಲ್ಲಿ ಯಾರ ದೀಪ ಉರಿಯುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಕಾಶಿಯಿಂದ ನೈನಿತಾಲ್‌ಗೆ

ಅಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ. 1953ರಲ್ಲಿ ಭಾರತಕ್ಕೆ ಬಂದರು. ಇಲ್ಲಿ ಆಗ ರಾತ್ರಿಯ ಆಕಾಶ ನೋಡಲು ಹೇಳಿಕೊಳ್ಳುವಂಥ ದೊಡ್ಡ ಟೆಲಿಸ್ಕೋಪೇ ಇರಲಿಲ್ಲ.

ಉತ್ತರಪ್ರದೇಶ ಸರಕಾರ 1954ರ ಏಪ್ರಿಲ್‌ನಲ್ಲಿ ವಾರಾಣಸಿಯಲ್ಲಿ ಒಂದು ವೀಕ್ಷಣಾಲಯ ಶುರು ಮಾಡಿತ್ತು. ಅದೇ ವರ್ಷದ ಕೊನೆಗೆ ಬಾಪ್ಪು ಅಲ್ಲಿಯ ಮುಖ್ಯ ಖಗೋಳಶಾಸ್ತ್ರಜ್ಞರಾದರು. ಕಾಶಿ ಪುಣ್ಯಕ್ಷೇತ್ರ ಹೌದು, ಆದರೆ ಗಂಗೆಯ ಬಯಲಿನ ಧೂಳು, ಹೊಗೆ, ಚಳಿಗಾಲದ ಮಂಜು ನಕ್ಷತ್ರಕ್ಕೆ ಆಗಿಬರುವಂಥದ್ದಲ್ಲ. 1955ರಲ್ಲಿ ವೀಕ್ಷಣಾಲಯ ನೈನಿತಾಲ್ ಬೆಟ್ಟಕ್ಕೆ ಹೋಯಿತು. ಮುಂದೆ 1961ರಲ್ಲಿ ಅಲ್ಲಿಯೇ ಸ್ವಲ್ಪ ದೂರದ ಮನೋರಾ ಶಿಖರದಲ್ಲಿ ಅದಕ್ಕೆ ಖಾಯಂ ಜಾಗ ಆಯಿತು. ಈಗ ಅದು ಆರ್ಯಭಟರ ಹೆಸರಿನ ದೊಡ್ಡ ಸಂಶೋಧನಾ ಸಂಸ್ಥೆ.

ಅಷ್ಟರಲ್ಲಿ ಬಾಪ್ಪು ದಕ್ಷಿಣಕ್ಕೆ ಬಂದಾಗಿತ್ತು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ಡೈರೆಕ್ಟರ್ ಹುದ್ದೆ. ಮೂವತ್ತೆರಡು, ಮೂವತ್ತಮೂರರ ಪ್ರಾಯ.

ಕೊಡೈಕೆನಾಲ್‌ನಲ್ಲಿ ಸೂರ್ಯ ಚೆಂದ, ರಾತ್ರಿ ಮೋಡ

ಕೊಡೈಕೆನಾಲ್ ವೀಕ್ಷಣಾಲಯವೂ ಹೀಗೆ ಗುಳೆ ಬಂದದ್ದೇ. ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ, 1792ರಲ್ಲಿ ಮದ್ರಾಸಿನ ನುಂಗಂಬಾಕಂನಲ್ಲಿ ಕಟ್ಟಿದ ವೀಕ್ಷಣಾಲಯ ಇತ್ತು. ನಾರ್ಮನ್ ಪಾಗ್ಸನ್ 1861ರಲ್ಲಿ ಅಲ್ಲಿಂದಲೇ ಒಂದು ಕ್ಷುದ್ರಗ್ರಹ ಪತ್ತೆ ಮಾಡಿ ಏಷ್ಯಾ ಅಂತ ಹೆಸರಿಟ್ಟಿದ್ದರು. ಪಟ್ಟಣ ಬೆಳೆದು ಸಮುದ್ರ ತೀರದ ಮಬ್ಬು ಬೇರೆ. 1899ರಲ್ಲಿ ಕೆಲಸ ಪಳನಿ ಬೆಟ್ಟಸಾಲಿನ ಕೊಡೈಕೆನಾಲ್‌ಗೆ ಹೋಯಿತು.

ಸೂರ್ಯನನ್ನು ನೋಡಲು ಅದು ಒಳ್ಳೆಯ ಜಾಗ. ಬೆಳಗ್ಗೆ ಹೊತ್ತು ಏರುವ ಮೊದಲು ಗಾಳಿ ಶಾಂತ. ನೂರಕ್ಕೂ ಹೆಚ್ಚು ವರ್ಷದಿಂದ ಅಲ್ಲಿ ದಿನದಿನವೂ ಸೂರ್ಯನ ಫೋಟೋ ತೆಗೆಯುತ್ತಿದ್ದಾರೆ, ಲೋಕದಲ್ಲಿ ಅಂಥ ದಾಖಲೆ ಇರುವ ಜಾಗ ಕೆಲವೇ ಕೆಲವು. ಸೂರ್ಯನ ಕಲೆಗಳಲ್ಲಿ ಅನಿಲ ಹೊರಕ್ಕೆ ಹರಿಯುವುದನ್ನು ಜಾನ್ ಎವರ್‌ಶೆಡ್ 1909ರಲ್ಲಿ ಕಂಡದ್ದೂ ಅಲ್ಲೇ.

ರಾತ್ರಿಯ ಮಾತು ಬೇರೆ. ಬೆಟ್ಟದ ತುದಿಗೆ ಮೋಡ ಬಂದು ತಾಗಿ ಕೂರುತ್ತದೆ. ಕುಮಾರ ಪರ್ವತ ಚಾರಣ ಹೋದವರಿಗೆ ಇದನ್ನು ವಿವರಿಸುವುದು ಬೇಡ. ಕೆಳಗೆ ಸುಬ್ರಹ್ಮಣ್ಯದಲ್ಲಿ ಬಿಸಿಲಿದ್ದರೂ ಮೇಲೆ ಮಂಜು ಮುಸುಕಿ ಎದುರಿನ ಕಲ್ಲು ಕಾಣದ ದಿನ ಎಷ್ಟಿಲ್ಲ. ಗಾಳಿ ಕಣಿವೆಯಿಂದ ಮೇಲಕ್ಕೆ ಏರುವಾಗ ತಂಪಾಗಿ ಅದರ ನೀರಿನ ಹಬೆ ಮೋಡವಾಗುತ್ತದೆ. ಬೆಟ್ಟ ಎತ್ತರ ಇದ್ದಷ್ಟೂ ಮೋಡಕ್ಕೆ ಅದು ಒಳ್ಳೆಯ ಜಗಲಿ.

ಬಾಪ್ಪು ಅವರಿಗೆ ಬೇಕಿದ್ದದ್ದು ನಕ್ಷತ್ರ. ಸೂರ್ಯನ ಸಂಸ್ಥೆಯಲ್ಲಿ ಕೂತು ಅವರು ರಾತ್ರಿಯ ಜಾಗ ಹುಡುಕಲು ಶುರು ಮಾಡಿದರು.

ಜಾಗ ಹುಡುಕುವುದು ಅಂದ್ರೆ ಎಂಥದ್ದು?

ಅಂಗಡಿಗೆ ಜಾಗ ನೋಡುವವರಿಗೆ ಇದು ಬೇಗ ಅರ್ಥ ಆಗುತ್ತದೆ. ರಸ್ತೆ ಬದಿ ಇದ್ದರೆ ಸಾಕಾ? ಬಸ್ಸು ನಿಲ್ಲಬೇಕು, ನೀರು ನಿಲ್ಲಬಾರದು, ಬಾಡಿಗೆ ಹೊಂದಬೇಕು, ಮುಂದಿನ ವರ್ಷ ರಸ್ತೆ ಅಗಲ ಮಾಡುವಾಗ ಎದುರಿನ ಶೀಟು ಹೋಗಬಾರದು. ಒಂದು ಸರಿ ಇದ್ದರೆ ಇನ್ನೊಂದು ಸರಿ ಇರುವುದಿಲ್ಲ. ಟೆಲಿಸ್ಕೋಪಿಗೂ ಹಾಗೆಯೇ.

ಮೊದಲನೆಯದು ಕತ್ತಲೆ. ಪೇಟೆಯ ದೀಪ ನೇರ ಕಣ್ಣಿಗೆ ಬೀಳದಿದ್ದರೂ ಅದರ ಬೆಳಕು ಗಾಳಿಯ ಧೂಳಿಗೆ, ತೇವಕ್ಕೆ ತಾಗಿ ಚೆದುರಿ ಆಕಾಶಕ್ಕೆ ಬಿಳಿ ಪೊರೆ ಹಾಕುತ್ತದೆ. ಆ ಪೊರೆಗಿಂತ ಮಂಕಾದ ನಕ್ಷತ್ರ ಏನು ಮಾಡಿದರೂ ಕಾಣುವುದಿಲ್ಲ. ಎರಡನೆಯದು ಮೋಡ ಇಲ್ಲದ ರಾತ್ರಿ. ಹದಿನೈದು ದಿನ ನೋಡಿದರೆ ಇದು ತಿಳಿಯುವುದಿಲ್ಲ, ವರ್ಷದ ಎಲ್ಲ ತಿಂಗಳೂ ರಾತ್ರಿ ಎಚ್ಚರ ಇದ್ದು ಬರೆದಿಡಬೇಕು. ಮೂರನೆಯದು ಹೆಚ್ಚಿನವರಿಗೆ ಗೊತ್ತಿಲ್ಲದ್ದು: ಗಾಳಿಯ ಸ್ಥಿರತೆ. ನಕ್ಷತ್ರ ಮಿನುಗುವುದನ್ನು ನಾವು ಚೆಂದ ಅಂತೇವೆ. ಖಗೋಳದವರಿಗೆ ಅದೇ ತಲೆನೋವು. ಬಿಸಿ ಗಾಳಿ, ತಣ್ಣನೆ ಗಾಳಿ ಕಲಸಿಹೋಗಿ ಬೆಳಕು ಅಲ್ಲಾಡುವುದರಿಂದ ಮಿನುಗುವುದು. ಬಿಸಿ ಟಾರು ರಸ್ತೆಯ ಮೇಲೆ ಮಧ್ಯಾಹ್ನ ದೂರದ ವಸ್ತು ನಡುಗಿದ ಹಾಗೆ ಕಾಣುತ್ತದಲ್ಲ, ಅದೇ ಸಂಗತಿ. ನಕ್ಷತ್ರ ಹೆಚ್ಚು ಮಿನುಗಿದಷ್ಟೂ ಟೆಲಿಸ್ಕೋಪಿನಲ್ಲಿ ಚಿತ್ರ ಕಲಸಿದ ಬಣ್ಣದ ಹಾಗೆ ಹರಡುತ್ತದೆ.

ಇದರ ಮೇಲೆ ಬಾಪ್ಪು ಇನ್ನೊಂದು ವಿಷಯ ನೋಡಿದರು. ಭೂಮಧ್ಯರೇಖೆಗೆ ಹತ್ತಿರ ಇರಬೇಕು. ಯುರೋಪಿನಿಂದಲೋ ಅಮೆರಿಕದಿಂದಲೋ ದಕ್ಷಿಣದ ಆಕಾಶದ ದೊಡ್ಡ ಪಾಲು ಕಾಣುವುದೇ ಇಲ್ಲ. ಹನ್ನೆರಡೂವರೆ ಡಿಗ್ರಿಯಲ್ಲಿ ನಿಂತರೆ ಉತ್ತರದ ಧ್ರುವ ನಕ್ಷತ್ರವೂ ದಿಗಂತದ ಸ್ವಲ್ಪ ಮೇಲೆ ಸಿಗುತ್ತದೆ, ದಕ್ಷಿಣದ ತ್ರಿಶಂಕುವೂ ಸಿಗುತ್ತದೆ. ರೇಖಾಂಶದ ಲಾಭವೂ ಉಂಟು. ಪೂರ್ವದಲ್ಲಿ ಆಸ್ಟ್ರೇಲಿಯ, ಪಶ್ಚಿಮದಲ್ಲಿ ದಕ್ಷಿಣ ಆಫ್ರಿಕ. ಈ ಎರಡರ ನಡುವೆ ದಕ್ಷಿಣದ ಆಕಾಶ ನೋಡುವ ದೊಡ್ಡ ವೀಕ್ಷಣಾಲಯ ಬೇರೆ ಇರಲಿಲ್ಲ. ಆಸ್ಟ್ರೇಲಿಯದಲ್ಲಿ ಬೆಳಗಾದ ಮೇಲೆ, ಆಫ್ರಿಕದಲ್ಲಿ ಕತ್ತಲಾಗುವ ಮೊದಲು ಆಕಾಶದಲ್ಲಿ ಏನಾದರೂ ನಡೆದರೆ ನೋಡುವವರು ಯಾರು?

ಇಷ್ಟೆಲ್ಲ ತೂಗಿ ಆರಿಸಿದ್ದು ಜವ್ವಾದು ಬೆಟ್ಟದ ಕಾವಲೂರು. ಗಂಧದ ಮರಕ್ಕೆ ಹೆಸರಾದ ಕಾಡು. ಬೆಂಗಳೂರಿನಿಂದಲೂ ಚೆನ್ನೈಯಿಂದಲೂ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರ್. ಕಾರ್ಖಾನೆ ಇಲ್ಲ, ಪಟ್ಟಣ ಇಲ್ಲ. ಸುಮಾರು ನೂರು ಎಕ್ರೆ ಅರಣ್ಯ ಜಾಗ ಸಿಕ್ಕಿತು.

ಕಡಬ, ಸುಳ್ಯದ ಕಡೆ ಯಾಕೆ ಆಗಲಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಸಿಗುತ್ತದೆ. ಅರಬ್ಬಿ ಸಮುದ್ರದ ಮೋಡಕ್ಕೆ ಪಶ್ಚಿಮ ಘಟ್ಟ ಮೊದಲ ಗೋಡೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲ್ಲಿಮೀಟರ್ ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಕ್ಷತ್ರದ ಮಾತೇ ಇಲ್ಲ, ಆಟಿ ತಿಂಗಳಲ್ಲಿ ಸೂರ್ಯನೇ ಅಪರೂಪ. ಇಲ್ಲಿ ಮೃಗಶಿರ, ಆರಿದ್ರಾ, ಪುಷ್ಯ ಅಂದ್ರೆ ಮಳೆಯ ಹೆಸರೇ ಹೊರತು ಆಕಾಶದಲ್ಲಿ ಕಾಣುವ ನಕ್ಷತ್ರ ಅಂತ ಎಷ್ಟು ಮಂದಿಗೆ ನೆನಪಾಗುತ್ತದೆ? ಕಾವಲೂರಿಗೂ ಎರಡು ಮಳೆಗಾಲ ಉಂಟು, ಅಲ್ಲಿಯೂ ಜನವರಿಯಿಂದ ಏಪ್ರಿಲ್ ತನಕವೇ ಒಳ್ಳೆಯ ಸೀಸನ್. ಆದ್ರೆ ಘಟ್ಟದ ಆಚೆಯ ಮಳೆ ಈ ನಮೂನೆಯದ್ದಲ್ಲ.

ಹಿತ್ತಿಲಲ್ಲಿ ಮಾಡಿದ ಟೆಲಿಸ್ಕೋಪ್

ಜಾಗ ಸಿಕ್ಕಿತು, ಟೆಲಿಸ್ಕೋಪ್ ಎಲ್ಲಿ? ವಿದೇಶದಿಂದ ದೊಡ್ಡದು ಬರಲು ವರ್ಷಗಟ್ಟಲೆ ಬೇಕಿತ್ತು. ಬಾಪ್ಪು ಕಾಯುತ್ತಾ ಕೂರಲಿಲ್ಲ. ಕೊಡೈಕೆನಾಲ್ ವೀಕ್ಷಣಾಲಯದ ಹಿತ್ತಿಲಿನಲ್ಲೇ 38 ಸೆಂಟಿಮೀಟರ್ ಕನ್ನಡಿಯ ಒಂದು ಟೆಲಿಸ್ಕೋಪ್ ತಯಾರಾಯಿತು. 1968ರಲ್ಲಿ ಕಾವಲೂರಿನ ಮೊದಲ ನೋಟ ಅದರದ್ದೇ. 38 ಸೆಂಟಿಮೀಟರ್ ಅಂದ್ರೆ ಮನೆಯ ದೊಡ್ಡ ಊಟದ ಬಟ್ಟಲಿಗಿಂತ ಸ್ವಲ್ಪ ಅಗಲ, ಅಷ್ಟೇ.

1972ರಲ್ಲಿ ಪೂರ್ವ ಜರ್ಮನಿಯ ಕಾರ್ಲ್ ಝೈಸ್ ಕಂಪೆನಿಯ 102 ಸೆಂಟಿಮೀಟರ್ ಟೆಲಿಸ್ಕೋಪ್ ಬಂತು. ಬಂದ ವರ್ಷವೇ ಜೂನ್ ತಿಂಗಳಲ್ಲಿ ಗುರು ಗ್ರಹದ ಉಪಗ್ರಹ ಗ್ಯಾನಿಮೀಡ್ ಒಂದು ನಕ್ಷತ್ರದ ಎದುರು ಹಾದುಹೋಗುವುದನ್ನು ಅದರಲ್ಲಿ ನೋಡಿದರು, ಗ್ಯಾನಿಮೀಡ್ ಸುತ್ತ ತೆಳು ವಾತಾವರಣ ಇರಬಹುದೆಂಬ ಸುಳಿವು ಸಿಕ್ಕಿತು.

ಅದಕ್ಕಿಂತ ದೊಡ್ಡ ಸುದ್ದಿ 1977ರ ಮಾರ್ಚ್ 10ರದ್ದು. ಆ ದಿನ ಯುರೇನಸ್ ಗ್ರಹ ಒಂದು ನಕ್ಷತ್ರವನ್ನು ಮರೆ ಮಾಡುವುದಿತ್ತು. ಗ್ರಹ ಎಷ್ಟು ದೊಡ್ಡದು ಅಂತ ಅಳೆಯಲು ಇಂಥ ಮರೆ ಒಳ್ಳೆಯ ಅವಕಾಶ. ಅಮೆರಿಕದ ತಂಡ ಟೆಲಿಸ್ಕೋಪ್ ಇಟ್ಟ ವಿಮಾನವನ್ನೇ ಹಿಂದೂ ಮಹಾಸಾಗರದ ಮೇಲೆ ಹಾರಿಸಿತ್ತು. ಕಾವಲೂರಿನಲ್ಲಿ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಕಣ್ಣಿಟ್ಟು ಕೂತಿದ್ದರು. ನಕ್ಷತ್ರದ ಬೆಳಕು ನಡುನಡುವೆ ಕ್ಷಣಕಾಲ ಕುಂದಿತು. ಗ್ರಹದ ಸುತ್ತ ಏನೋ ಉಂಟು! ಅದು ಯುರೇನಸ್ಸಿನ ಉಂಗುರಗಳು. ಅಲ್ಲಿಯ ತನಕ ಉಂಗುರ ಅಂದ್ರೆ ಶನಿಗೆ ಮಾತ್ರ ಎಂದು ಲೋಕ ತಿಳಿದಿತ್ತು. ಪತ್ತೆ ಮಾಡಿದ ಹೆಸರಿನಲ್ಲಿ ದೊಡ್ಡ ಪಾಲು ಅಮೆರಿಕದ ವಿಮಾನಕ್ಕೆ ಹೋಯಿತು, ಆದ್ರೆ ಅದೇ ಹೊತ್ತಿಗೆ ಕಾವಲೂರಿನ ಯಂತ್ರದಲ್ಲೂ ಅದು ದಾಖಲಾಗಿತ್ತು. ಆಸ್ಟ್ರೇಲಿಯ ಮತ್ತು ಆಫ್ರಿಕದ ನಡುವೆ ಒಂದು ಕಣ್ಣು ಇರಬೇಕು ಎಂದು ಜಾಗ ಆರಿಸಿದ್ದು ಹತ್ತು ವರ್ಷದೊಳಗೆ ಫಲ ಕೊಟ್ಟಿತು.

ಬೆಂಗಳೂರು, ಮತ್ತೆ ರಾಯಚೂರಿನ ಕಡೆಯ ಗ್ರಹಣ

1971ರಲ್ಲಿ ಕೊಡೈಕೆನಾಲ್ ಮತ್ತು ಕಾವಲೂರು ಸೇರಿ ಭಾರತೀಯ ಖಭೌತ ಸಂಸ್ಥೆ ಎಂಬ ಸ್ವಾಯತ್ತ ಸಂಸ್ಥೆ ಆಯಿತು. ಬಾಪ್ಪು ಅದರ ಡೈರೆಕ್ಟರ್. 1975ರಲ್ಲಿ ಮುಖ್ಯ ಕಚೇರಿ ಬೆಂಗಳೂರಿಗೆ ಬಂತು, ಈಗ ಅದು ಕೋರಮಂಗಲದಲ್ಲಿದೆ. ಟೆಲಿಸ್ಕೋಪ್ ಕತ್ತಲೆಯಲ್ಲಿ, ಆಫೀಸು ಪೇಟೆಯಲ್ಲಿ. ವರ್ಕ್‌ಶಾಪ್, ಎಂಜಿನಿಯರು, ಕಂಪ್ಯೂಟರು ಎಲ್ಲ ಸಿಗುವುದು ಪೇಟೆಯಲ್ಲೇ ಆದ ಕಾರಣ ಅದೂ ಬೇಕು.

1980ರ ಫೆಬ್ರವರಿ 16ರಂದು ಕರ್ನಾಟಕದ ಮೇಲೆಯೇ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಅಂಕೋಲ, ಹುಬ್ಬಳ್ಳಿ, ರಾಯಚೂರಿನ ಕಡೆ ನಡು ಮಧ್ಯಾಹ್ನ ಕಳೆದ ಹೊತ್ತಿನಲ್ಲಿ ಕತ್ತಲಾಯಿತು. ದೇಶ ವಿದೇಶದ ವಿಜ್ಞಾನಿಗಳು ಬಂದಿದ್ದರು, ಬಾಪ್ಪು ಅವರ ಸಂಸ್ಥೆಯೂ ಕ್ಯಾಂಪ್ ಹಾಕಿತ್ತು. ಆ ಕಾಲದಲ್ಲಿ ಗ್ರಹಣದ ಹೊತ್ತು ಬಾಗಿಲು ಹಾಕಿ ಒಳಗೆ ಕೂತವರೇ ಹೆಚ್ಚು. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಮಂಗಳೂರು, ಕಾಸರಗೋಡು ಕಡೆ ಶಾಲೆ ಮಕ್ಕಳು ಸೌರ ಕನ್ನಡಕ ಹಿಡಿದು ಹೊರಗೆ ಬಂದದ್ದನ್ನು ನೆನೆಸಿದರೆ ನಲುವತ್ತು ವರ್ಷದಲ್ಲಿ ಎಷ್ಟು ದೂರ ಬಂದಿದ್ದೇವೆ ಅಂತ ಗೊತ್ತಾಗುತ್ತದೆ.

1979ರಲ್ಲಿ ಬಾಪ್ಪು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಹೋದ ಮೊದಲ ಭಾರತೀಯ. 1981ರಲ್ಲಿ ಪದ್ಮಭೂಷಣ. ಅದಕ್ಕಿಂತ ಮೊದಲು ಭಟ್ನಾಗರ್ ಪ್ರಶಸ್ತಿಯೂ ಬಂದಿತ್ತು.

ಕಟ್ಟಿಸಿದ ಟೆಲಿಸ್ಕೋಪ್ ನೋಡಲಿಲ್ಲ

ಅವರ ಮನಸ್ಸು ಇದ್ದದ್ದು ಮಾತ್ರ ಇನ್ನೊಂದು ಕೆಲಸದಲ್ಲಿ. 234 ಸೆಂಟಿಮೀಟರ್ ಕನ್ನಡಿಯ ಟೆಲಿಸ್ಕೋಪನ್ನು ಭಾರತದಲ್ಲೇ ಕಟ್ಟಬೇಕು. ಗಾಜಿನ ಗಟ್ಟಿ ಜರ್ಮನಿಯಿಂದ ಬಂತು, ಅದನ್ನು ತಿಕ್ಕಿ ಉಜ್ಜಿ ಕನ್ನಡಿ ಮಾಡಿದ್ದು ಬೆಂಗಳೂರಿನ ಸಂಸ್ಥೆಯಲ್ಲೇ. ಕಬ್ಬಿಣದ ದೊಡ್ಡ ಕೆಲಸ ಮಹಾರಾಷ್ಟ್ರದ ವಾಲ್‌ಚಂದ್‌ನಗರದ ಕಾರ್ಖಾನೆಯದ್ದು. ಸಕ್ಕರೆ ಕಾರ್ಖಾನೆಯ ಯಂತ್ರ ಮಾಡುವವರ ಕೈಯಲ್ಲಿ ಟೆಲಿಸ್ಕೋಪ್ ಮಾಡಿಸುವುದು ಆಗ ಸಣ್ಣ ಧೈರ್ಯ ಅಲ್ಲ.

ಕೆಲಸ ಅರ್ಧದಲ್ಲಿರುವಾಗ 1982ರಲ್ಲಿ ಅವರ ಹೃದಯ ಕೈಕೊಟ್ಟಿತು. ಜರ್ಮನಿಯ ಮ್ಯೂನಿಕ್‌ನಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. ಆಗಸ್ಟ್ 19ರಂದು ಅಲ್ಲೇ ತೀರಿಕೊಂಡರು. ಐವತ್ತೈದು ತುಂಬಿ ಒಂಬತ್ತು ದಿನ. ಅವರೇ ಅಧ್ಯಕ್ಷರಾಗಿದ್ದ ಒಕ್ಕೂಟದ ಮಹಾಸಭೆ ಗ್ರೀಸ್ ದೇಶದ ಪಾತ್ರಾಸ್‌ನಲ್ಲಿ ಅದೇ ತಿಂಗಳು ಇತ್ತು.

ಉಳಿದ ಕೆಲಸ ಭಟ್ಟಾಚಾರ್ಯ ಅವರ ಮುಂದಾಳುತನದಲ್ಲಿ ಮುಗಿಯಿತು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಕಾವಲೂರಿಗೆ ಬಂದು ವೀಕ್ಷಣಾಲಯಕ್ಕೂ ಹೊಸ ಟೆಲಿಸ್ಕೋಪಿಗೂ ವೈನು ಬಾಪ್ಪು ಹೆಸರಿಟ್ಟರು. ಎರಡು ವರ್ಷದ ಮೇಲೆ, 1988ರ ಫೆಬ್ರವರಿಯಲ್ಲಿ, ಅಲ್ಲಿಯ ಇನ್ನೊಂದು ಟೆಲಿಸ್ಕೋಪಿನಲ್ಲಿ ಆರ್. ರಾಜಮೋಹನ್ ಒಂದು ಕ್ಷುದ್ರಗ್ರಹ ಪತ್ತೆ ಮಾಡಿದರು. ಅದಕ್ಕೆ ಗಣಿತಜ್ಞ ರಾಮಾನುಜನ್ ಹೆಸರು. ಪಾಗ್ಸನ್ ಕಾಲದ ಮದ್ರಾಸಿನ ಕೆಲಸ ಕಾಡಿನಲ್ಲಿ ಮುಂದುವರಿದ ಹಾಗಾಯಿತು.

ಕತ್ತಲೆಯೂ ಖಾಲಿಯಾಗುತ್ತದೆ

ಕಾವಲೂರು ಆರಿಸುವಾಗ ಸುತ್ತಲಿನ ಹಳ್ಳಿಗಳಲ್ಲಿ ಇದ್ದ ದೀಪಕ್ಕೂ ಈಗಿನ ದೀಪಕ್ಕೂ ಹೋಲಿಕೆಯೇ ಇಲ್ಲ. ಊರು ಅಂದ ಮೇಲೆ ಬೆಳೆಯಬೇಕು, ದೀಪ ಬೇಡ ಎನ್ನಲು ಆಗುವುದಿಲ್ಲ. ಹಾಗಾಗಿ ಬಾಪ್ಪು ನಂತರದವರು ಮತ್ತೆ ಜಾಗ ಹುಡುಕಿಕೊಂಡು ಲಡಾಖಿಗೆ ಹೋದರು. ಹಾನ್ಲೆ ಎಂಬಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿ 2 ಮೀಟರ್ ಟೆಲಿಸ್ಕೋಪ್ 2001ರಿಂದ ಉಂಟು. ಅಲ್ಲಿ ಎತ್ತರ ಕೆಲಸಕ್ಕೆ ಬಂತು, ಯಾಕಂದ್ರೆ ಅದು ಮಳೆ ಮೋಡ ದಾಟಿ ಬಾರದ ಒಣ ನಾಡು. ಅದನ್ನು ನಡೆಸುವವರು ಹೊಸಕೋಟೆಯ ಕೇಂದ್ರದಲ್ಲಿ ಕೂತು ಉಪಗ್ರಹದ ಸಂಪರ್ಕದಲ್ಲಿ ನಡೆಸುತ್ತಾರೆ. 2022ರಲ್ಲಿ ಹಾನ್ಲೆ ಸುತ್ತಮುತ್ತಲಿನ ಜಾಗವನ್ನು ಕತ್ತಲೆ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದರು. ಅಲ್ಲಿಯ ಮನೆಗಳ ಕಿಟಕಿಗೆ ದಪ್ಪ ಪರದೆ, ಹೊರಗಿನ ದೀಪಕ್ಕೆ ಮುಚ್ಚಳ. ನಕ್ಷತ್ರ ನೋಡಲು ಬರುವವರಿಂದ ಊರಿನವರಿಗೆ ಸಂಪಾದನೆಯೂ ಉಂಟು.

ಕಡಬ ತಾಲೂಕಿಗೆ ಮೀಸಲು ಪ್ರದೇಶ ಎಲ್ಲ ಬರಲಿಕ್ಕಿಲ್ಲ. ಆದ್ರೆ ಡಿಸೆಂಬರಿನಿಂದ ಮಾರ್ಚ್ ತನಕ ಈ ಕಡೆಯ ಆಕಾಶ ಕಡಿಮೆಯದ್ದಲ್ಲ. ತೊಂದರೆ ಇರುವುದು ಜಾಗದ್ದು. ಅಡಿಕೆ ತೋಟದಲ್ಲಿ ನಿಂತರೆ ಮೇಲೆ ಸೋಗೆ, ರಬ್ಬರಿನೊಳಗೆ ಎಲೆ. ಗದ್ದೆ ಇದ್ದ ಕಾಲದಲ್ಲಿ ಬಯಲು ಬೇಕಾದಷ್ಟಿತ್ತು, ಈಗ ಗದ್ದೆಯೂ ತೋಟ. ಹೊಳೆ ಬದಿ ಬಯಲು ಉಂಟು, ಆದರೆ ತಡರಾತ್ರಿ ಕುಮಾರಧಾರೆಯ ಮೇಲೆ ಮಂಜು ಏಳುತ್ತದೆ. ಸ್ಟೇಷನ್ ಕಡೆ ಹೋದರೆ ಪ್ಲಾಟ್‌ಫಾರ್ಮಿನ ದೀಪ. ಕಾಡಂಚಿನ ಗುಡ್ಡೆ ಒಳ್ಳೆಯ ಕತ್ತಲೆ, ಆದರೆ ಆನೆಯ ಭಯ ಇರುವಲ್ಲಿ ಅದನ್ನು ಹೇಳಲಿಕ್ಕೆ ಆಗುವುದಿಲ್ಲ. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಆನೆ ದಾಳಿಗೆ ಇಬ್ಬರು ಜೀವ ಕಳೆದುಕೊಂಡದ್ದು ಯಾರಿಗೂ ಮರೆತಿಲ್ಲ. ದಾರಿದೀಪ ಬೇಕು ಅಂತ ಅಲ್ಲಿಯವರು ಕೇಳಿದರೆ ಅದು ನ್ಯಾಯವೇ.

ಎಲ್ಲ ಲೆಕ್ಕ ಹಾಕಿದರೆ ಒಳ್ಳೆಯ ಜಾಗ ಮನೆ ಎದುರೇ ಸಿಗುತ್ತದೆ: ಅಡಿಕೆ ಒಣಗಿಸುವ ಅಂಗಳ. ಬಿಸಿಲು ಬೀಳಲಿ ಅಂತ ಮರ ಕಡಿದು ಬಿಟ್ಟ ಜಾಗ ಅದು, ಆದ ಕಾರಣ ಮೇಲೆ ಆಕಾಶ ಪೂರ್ತಿ. ಅಂಗಳದ ಬಲ್ಬು ಆರಿಸಿ ಇಪ್ಪತ್ತು ಮೂವತ್ತು ನಿಮಿಷ ಕಣ್ಣಿಗೆ ಕತ್ತಲೆ ಅಭ್ಯಾಸ ಮಾಡಿಸಬೇಕು. ನಡುವೆ ಮೊಬೈಲ್ ನೋಡಿದರೆ ಮತ್ತೆ ಮೊದಲಿಂದ. ಹಾವು ಹುಳದ ಭಯಕ್ಕೆ ಟಾರ್ಚ್ ಬೇಕೇ ಬೇಕು, ಅದಕ್ಕೆ ಕೆಂಪು ಕಾಗದ ಸುತ್ತಿದರೆ ಕಣ್ಣು ಕೆಡುವುದಿಲ್ಲ. ಸುಡುಮಣ್ಣು ಹಾಕಿದ ದಿನ, ಹುಣ್ಣಿಮೆಯ ಆಚೀಚೆ ನಾಲ್ಕೈದು ದಿನ ಬಿಡಿ.

ಪೇಟೆಯವರ ಪಾಲಿನದ್ದೂ ಸ್ವಲ್ಪ ಉಂಟು. ಅಂಗಡಿ ಬೋರ್ಡಿನ ಎಲ್‌ಇಡಿ ಬಾಗಿಲು ಹಾಕಿದ ಮೇಲೂ ಬೆಳಗ್ಗಿನ ತನಕ ಉರಿದರೆ ಗಿರಾಕಿ ಬರುವುದಿಲ್ಲ, ಕರೆಂಟ್ ಬಿಲ್ ಮಾತ್ರ ಬರುತ್ತದೆ. ಹೊರಗಿನ ದೀಪದ ಮೇಲೆ ಒಂದು ತಗಡಿನ ಟೊಪ್ಪಿ ಇಟ್ಟರೆ ಬೆಳಕೆಲ್ಲ ನೆಲಕ್ಕೇ ಬೀಳುತ್ತದೆ, ಕಮ್ಮಿ ವಾಟಿನ ಬಲ್ಬೂ ಸಾಕಾಗುತ್ತದೆ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ವರ್ಷಕ್ಕೆ ಒಂದೆರಡು ರಾತ್ರಿ. ಅದರಿಂದ ಏನೂ ಆಗುವುದಿಲ್ಲ, ದಿನಾ ಮೇಲಕ್ಕೆ ಮುಖ ಮಾಡಿ ಉರಿಯುವ ಫ್ಲಡ್ ಲೈಟಿನದ್ದೇ ವಿಷಯ.

ಫೆಬ್ರವರಿ ನಡುವಿನಲ್ಲಿ ರಾತ್ರಿ ಒಂಬತ್ತೂ ಕಾಲರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತು ಕೈ ಮುಂದೆ ಚಾಚಿ ದಿಗಂತದಿಂದ ಎರಡೂವರೆ ಮುಷ್ಟಿ ಮೇಲೆ ನೋಡಿದರೆ ಒಂಟಿಯಾಗಿ ಹೊಳೆಯುವುದು ಅಗಸ್ತ್ಯ. ಏಪ್ರಿಲ್ ಮೂರನೇ ವಾರ ಮೋಡ ಇಲ್ಲದಿದ್ದರೆ ಹನ್ನೊಂದು ಗಂಟೆಗೆ ಅದೇ ದಿಕ್ಕಿನಲ್ಲಿ ಒಂದೂವರೆ ಮುಷ್ಟಿ ಎತ್ತರದಲ್ಲಿ ತ್ರಿಶಂಕು ನೆಟ್ಟಗೆ ನಿಂತಿರುತ್ತದೆ. ಕಾವಲೂರಿನವರು ಅದನ್ನು ಹದಿಮೂರು ನಿಮಿಷ ಮೊದಲೇ ನೋಡಿ ಆಗಿರುತ್ತದೆ.